ದೊಡ್ಡಪ್ಪನ ಕಾರಿನ ಡ್ಯಾಂಪರ್

ಆ ದಿನಗಳು ಎಂದ ಕೂಡಲೇ ನಮ್ಮ ಕಡೆಯ ಜನರ ಮುಖ ಸಡಿಲಾಗುತ್ತದೆ. ನನ್ನದು ಬಿಗಿಯುತ್ತದೆ. ಆ ದಿನಗಳಲ್ಲಿ ಕಮಲಾಪುರದ ಹೆದ್ದಾರಿ ಪಕ್ಕ ಅಪ್ಪನ ಗ್ಯಾರೇಜು ಇತ್ತು, ನನಗೆ ಹನ್ನೊಂದು ವರ್ಷ. ಇಷ್ಟು ಬರೆದರೆ ಸಾಕು, ಡೀಸೆಲ್ ವಾಸನೆ, ಬೇವಿನ ನೆರಳು, ಅವ್ವ ಬಡಿದುಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ತಾವಾಗಿಯೇ ಸಾಲುಗಟ್ಟಿ ಬರುತ್ತವೆ. ಬರಲಿ. ಅವೆಲ್ಲ ಇದ್ದದ್ದು ನಿಜ. ಆದರೆ ಅವುಗಳ ನಡುವೆ ಒಂದು ಅನ್ಯಾಯವೂ ಇತ್ತು. ಸುಮಾರು ಮೂವತ್ತು ವರ್ಷಗಳಿಂದ ನಮ್ಮ ಮನೆತನದವರು ಅದನ್ನು ನಗೆಚಾಟಿಕೆ ಮಾಡಿಕೊಂಡು ಹೇಳುತ್ತ ಬಂದಿದ್ದಾರೆ: ಶರಣಪ್ಪ ಮಿಸ್ತ್ರಿ ತನ್ನ ಸ್ವಂತ ಅಣ್ಣನ ಕಾರನ್ನೇ ಕೆಡಿಸಿದ. ಶರಣಪ್ಪ ಮಿಸ್ತ್ರಿ ಅಂದರೆ ನನ್ನ ಅಪ್ಪ. ಕೆಡಿಸಿದ್ದು ಯಾರು ಎಂಬುದನ್ನು ನೆನಪಿರುವಷ್ಟು ಬರೆಯುತ್ತೇನೆ. ನೆನಪನ್ನು ಎಲ್ಲಿ ನಂಬಲಾಗದೋ ಅಲ್ಲಿ ಅದನ್ನೂ ಹೇಳುತ್ತೇನೆ.

ಗ್ಯಾರೇಜು ಎಂದರೆ ನಾಲ್ಕು ಕಂಬ, ಮೇಲೊಂದಿಷ್ಟು ತಗಡು, ಹಿಂದುಗಡೆ ನಮ್ಮ ಮನೆಯ ಗೋಡೆ. ಹುಮನಾಬಾದ್ ಕಡೆಯ ಟೆಂಪೋಗಳು, ಮಹಾಗಾಂವದ ಟ್ರ್ಯಾಕ್ಟರುಗಳು, ಕೆಂಪು ಬಾಳೆಗೊನೆ ಹೇರಿದ ಗಾಡಿಗಳು ಅಲ್ಲಿ ಬಂದು ನಿಲ್ಲುತ್ತಿದ್ದವು. ಬಾನೆಟ್ ಎತ್ತುವ ಮೊದಲು ಅಪ್ಪ ಸುಮ್ಮನೆ ತಲೆ ಓರೆ ಮಾಡಿ ನಿಂತುಬಿಡುತ್ತಿದ್ದ. ಡ್ರೈವರ್ ಬಾಯಿ ತೆರೆದರೆ, "ನೀ ಜರಾ ತಡಿ, ಅದು ಏನೋ ಹೇಳಾಕತ್ತದ" ಎನ್ನುತ್ತಿದ್ದ.

"ಯಾರ್ರೀ ಹೇಳಾಕತ್ತಾರ?"

"ಇಂಜಿನ್."

"ಮನ್ಯಾಗ ವೈನಿನೂ ಹೇಳ್ತಾರ, ಅವರ ಮಾತು ಇಷ್ಟು ಕಿವಿಗೊಟ್ಟು ಕೇಳ್ತೀರೇನು?"

ಅವ್ವನನ್ನು ಡ್ರೈವರುಗಳೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ಅಪ್ಪ ನಗುತ್ತಿದ್ದ, ಆದರೆ ತಲೆ ಓರೆಯಾಗಿಯೇ ಇರುತ್ತಿತ್ತು. ಅವನ ಹೆಸರು ಆ ಓರೆ ತಲೆಯ ಮೇಲೆ ನಿಂತಿತ್ತು. ಶರಣಪ್ಪ ಕೇಳಿ ಹೇಳಿದ ಅಂದರೆ ಅಲ್ಲಿಗೆ ಮುಗಿಯಿತು, ಕಲಬುರಗಿಯ ದೊಡ್ಡ ಗ್ಯಾರೇಜುಗಳವರೂ ಮತ್ತೆ ನೋಡುತ್ತಿರಲಿಲ್ಲ.

ದೊಡ್ಡಪ್ಪ ಅಪ್ಪನಿಗಿಂತ ಹದಿನಾಲ್ಕು ವರ್ಷ ಹಿರಿಯ. ಕಲಬುರಗಿಯಲ್ಲಿ ತೊಗರಿ ವ್ಯಾಪಾರ, ಖೂಬಾ ಪ್ಲಾಟಿನಲ್ಲಿ ಮನೆ. ಮುತ್ಯಾ, ಅಂದರೆ ನನ್ನ ಅಜ್ಜ, ತೀರಿಹೋದಾಗ ಅಪ್ಪ ಇನ್ನೂ ಚಡ್ಡಿ ಹಾಕುವ ಹುಡುಗ, ಅವನನ್ನು ಬೆಳೆಸಿದ್ದು ದೊಡ್ಡಪ್ಪನೇ. ಹಾಗಾಗಿ ಅಪ್ಪ ಅವನೆದುರು ಹೊರಸಿನ ಮೇಲೆ ಕೂಡುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಒಂದು ಕಾನೂನು ಇತ್ತು. ಅಣ್ಣನ ಮಾತಿಗೆ ತಮ್ಮ ಒಮ್ಮೆ ಉತ್ತರ ಕೊಡಬಹುದು. ಅಣ್ಣ ಅದೇ ಮಾತನ್ನು ಎರಡನೇ ಸಲ ಹೇಳಿದನೆಂದರೆ ತಮ್ಮ ಮಾಡಬೇಕು, ಆಡಬಾರದು. ಆಡಿದರೆ ಅದು ಎದುರು ಮಾತು. ಇದನ್ನು ಯಾರೂ ಗೋಡೆಯ ಮೇಲೆ ಬರೆದಿರಲಿಲ್ಲ. ತೊಟ್ಟಿಲಲ್ಲಿದ್ದಾಗಲೇ ಎಲ್ಲರಿಗೂ ಗೊತ್ತಾಗಿರುತ್ತಿತ್ತು.

ಆ ವರ್ಷ ದೊಡ್ಡಪ್ಪ ಒಂದು ಹಳೆಯ ಡೀಸೆಲ್ ಕಾರು ಕೊಂಡ. ಬಿಳಿ ಬಣ್ಣದ್ದು, ನಮ್ಮ ಮನೆತನಕ್ಕೆ ಮೊದಲ ಕಾರು. ಮಹಾನವಮಿಯ ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ಅದನ್ನು ಕಮಲಾಪುರದ ಹಳೆಯ ಮನೆಗೆ ತಂದ. ಅಂಗಳದಲ್ಲಿ ಬಾನೆಟ್ ಎತ್ತಿ ಡೀಸೆಲ್ ಸುರಿದು ಇಂಜಿನ್ ತೊಳೆದ. ಆಮೇಲೆ ಅರಿವೆಯನ್ನು ಕುಸುಬಿ ಎಣ್ಣೆಯಲ್ಲಿ ಅದ್ದಿ ಒಂದೊಂದೇ ಭಾಗ ತಿಕ್ಕಿದ. ಎತ್ತಿನ ಕೊಂಬಿಗೆ, ಬಂಡಿಯ ಗಾಲಿಗೆ, ಕುಡಗೋಲಿಗೆ ಎಣ್ಣೆ ಹಚ್ಚಿ ಬೆಳೆದ ಕೈಗಳು ಇಂಜಿನ್ನಿಗೂ ಹಚ್ಚುತ್ತವೆ. ಎಣ್ಣೆ ಕಾಣದೆ ಕಬ್ಬಿಣಕ್ಕೆ ನಮ್ಮಲ್ಲಿ ಹಬ್ಬವೇ ಇಲ್ಲ. ಇಂಜಿನ್ನಿನ ಮುಂದುಗಡೆ, ಕೆಳಗೆ, ಬೆಲ್ಟು ಸುತ್ತಿಕೊಂಡ ಒಂದು ದಪ್ಪ ಚಕ್ರವಿತ್ತು. ಅದಕ್ಕೆ ಎರಡು ಪಾಲು ಎಣ್ಣೆ ಕುಡಿಸಿ ವಿಭೂತಿ ಹಚ್ಚಿ, ನಡುವೆ ಕುಂಕುಮವಿಟ್ಟು ದೊಡ್ಡಪ್ಪ ಹೇಳಿದ: "ಇಡೀ ಗಾಡ್ಯಾಗ ತಿರುಗೋ ದೇವರು ಇದು ನೋಡು."

ಅಪ್ಪ ಕೈಕಟ್ಟಿ ನಿಂತಿದ್ದ. "ಅಣ್ಣಾ, ಅದರಾಗ ರಬ್ಬರ್ ಅದರಿ. ಎಣ್ಣಿ ಕುಡದ್ರ ಉಬ್ಬತದ."

"ಹಬ್ಬದ ದಿನ ಎಣ್ಣಿ ಹಚ್ಚಬ್ಯಾಡ ಅಂತೀ ಏನು?"

ಒಂದು ಉತ್ತರ ಖರ್ಚಾಗಿತ್ತು. ಆ ಕಾರಿನ ಹಿಂದಿನ ಮಾಲೀಕನೂ ನಮ್ಮ ಸೀಮೆಯವನೇ. ಎಷ್ಟು ನವಮಿಗಳ ಎಣ್ಣೆಯನ್ನು ಆ ರಬ್ಬರ್ ಮೊದಲೇ ಕುಡಿದಿತ್ತೋ ಯಾರಿಗೆ ಗೊತ್ತು.

ಹಬ್ಬ ಮುಗಿದ ಮರುದಿನ ಬೆಲ್ಟು ಕಿರುಗುಟ್ಟತೊಡಗಿತು. ಕಾರು ಗ್ಯಾರೇಜಿಗೆ ಬಂತು. ಅಪ್ಪ ನನ್ನನ್ನು ಕರೆದು ಆ ಚಕ್ರ ತೋರಿಸಿದ. ಅದರ ಹೆಸರು ಡ್ಯಾಂಪರ್. ನೋಡಲು ಒಂದು ಚಕ್ರ, ನಿಜವಾಗಿ ಎರಡು. ಒಳಗೊಂದು ಚಿಕ್ಕ ಚಕ್ರ, ಹೊರಗೊಂದು ಭಾರವಾದ ಕಬ್ಬಿಣದ ಬಳೆ, ಎರಡರ ನಡುವೆ ಕಿರುಬೆರಳಿನಷ್ಟು ದಪ್ಪದ ರಬ್ಬರ್ ಪಟ್ಟಿ.

"ಇದು ಯಾಕ ಬೇಕಪ್ಪಾ?"

"ಪಂಚಮಿ ಜೋಕಾಲಿ ನೆನಸ್ಕೊ. ಹಿಂದಿಂದ ಒಬ್ಬಾಕಿ ಬರಾಬರ್ ಹೊತ್ತಿಗೆ ನೂಕ್ಕೋತ ನಿಂತ್ರ ಏನಾಗ್ತದ?"

"ಮ್ಯಾಲ ಮ್ಯಾಲ ಹೋಗ್ತದ."

"ಹೋಗಿ ಹೋಗಿ ಹಗ್ಗ ಹರೀತದ. ಇಂಜಿನ್ ಒಳಗ ಕ್ರ್ಯಾಂಕ್ ಅಂತ ಒಂದು ದಪ್ಪ ದಂಡ ಅದ. ಡೀಸೆಲ್ ಸಿಡಿದಾಗೆಲ್ಲ ಅದಕ್ಕೊಂದು ನೂಕು ಬೀಳ್ತದ. ಒದ್ದಿ ಅರಿವಿ ಹಿಂಡಿದಂಗ ಕೂದಲೆಳಿಯಷ್ಟು ತಿರುಚ್ತದ, ಮತ್ತ ಬಿಚ್ಕೋತದ. ಒಂದು ಸ್ಪೀಡಿಗೆ ಬಂದ್ರ ನೂಕು ಸರಿಯಾಗಿ ಹೊತ್ತಿಗೇ ಬೀಳ್ತದ, ನಡುಕ ಏರ್ಕೋತ ಹೋಗ್ತದ. ಆಗ ಈ ಹೊರಗಿನ ಬಳಿ ಏನ್ ಮಾಡ್ತದ? ಜೋಕಾಲಿ ಮ್ಯಾಲ ಕುಂತಾಕಿ ನೆಲಕ್ಕ ಕಾಲು ಎಳದಂಗ ಜರಾ ಹಿಂದ ಉಳೀತದ. ನಡುವಿನ ರಬ್ಬರ್ ಆ ನಡುಕ ತಿಂತದ."

"ರಬ್ಬರ್ ಇಲ್ಲಂದ್ರ?"

"ಕಬ್ಬಿಣಾನೇ ತಿನ್ನಬೇಕು. ಎಷ್ಟು ದಿನ ತಿಂತದ ಪಾಪ."

ಇಷ್ಟು ಒಪ್ಪವಾಗಿ ಅಪ್ಪ ಒಂದೇ ಉಸಿರಿಗೆ ಹೇಳಿರಲಾರ. ಹತ್ತು ಗಾಡಿಗಳ ಕೆಳಗೆ ಮಲಗಿ ಹತ್ತು ಸಲ ಹೇಳಿದ್ದನ್ನು ನಾನು ಒಂದೇ ಮಧ್ಯಾಹ್ನಕ್ಕೆ ಹೊಲಿದಿರಬಹುದು. ಆದರೆ ಜೋಕಾಲಿ ಮಾತ್ರ ಅಪ್ಪನದೇ. ಇದರ ನಂತರದ್ದರಲ್ಲಿ ನನಗೆ ಅನುಮಾನವಿಲ್ಲ, ಯಾಕೆಂದರೆ ಅದನ್ನು ಮಾಡಿದ್ದು ನನ್ನ ಕೈ. ಅಪ್ಪ ಹೇಳಿದಂತೆ ಒಳಗಿನ ಚಕ್ರದಿಂದ ಶುರುಮಾಡಿ ರಬ್ಬರಿನ ಮೇಲೆ ಹಾಯಿಸಿ ಹೊರಗಿನ ಬಳೆಯವರೆಗೆ ಬಿಳಿ ಪೇಂಟಿನಲ್ಲಿ ನೆಟ್ಟಗೆ ಒಂದು ಗೆರೆ ಎಳೆದೆ. "ನಾಲ್ಕು ದಿನ ಓಡ್ಲಿ. ಗೆರಿ ಹಂಗೇ ಇದ್ರ ರಬ್ಬರ್ ಜೀವಂತ ಅದ. ಗೆರಿ ಮುರದ್ರ ಸತ್ತದ" ಎಂದ ಅಪ್ಪ.

ಮುಂದಿನ ಭಾನುವಾರ ದೊಡ್ಡಪ್ಪ ಬಂದಾಗ ನಾನೇ ಮೊದಲು ಓಡಿಹೋಗಿ ಬಗ್ಗಿ ನೋಡಿದೆ. ಗೆರೆ ಮುರಿದಿತ್ತು. ಹೊರಗಿನ ಅರ್ಧ ಎರಡು ಬೆರಳು ಆಚೆ ಸರಿದಿತ್ತು. ಒಂದು ಕಡೆ ರಬ್ಬರ್ ಬಾಯಿಬಿಟ್ಟ ಕಡಬಿನ ಹಾಗೆ ಹೊರಗೆ ಉಬ್ಬಿತ್ತು. "ಅಪ್ಪಾ, ಸರದದ! ಸರದದ!" ಎಂದು ಕುಂಟಾಬಿಲ್ಲೆ ಗೆದ್ದವಳ ಹಾಗೆ ಕೂಗಿದೆ.

ಅಪ್ಪ ಕೈ ಒರೆಸಿಕೊಂಡು ಅಣ್ಣನೆದುರು ನಿಂತ. "ಅಣ್ಣಾ, ಇದು ಹೋಗ್ಯದರಿ. ಹೊಸದೇ ಬೇಕು. ಸೊಲ್ಲಾಪುರದಾಗ ಸಿಗಲಿಲ್ಲಂದ್ರ ಹೈದರಾಬಾದಿಂದ ತರಸ್ತೀನಿ. ಅಲ್ಲೀತನ ಗಾಡಿ ನಿಲ್ಲಬೇಕು."

"ಎಷ್ಟು ದಿನ?"

"ಹದಿನೈದು ದಿನ ಹಿಡೀಬಹುದ್ರಿ."

"ಹದಿನೈದು ದಿನ ನಾ ಬಸ್ಸಿನಾಗ ಜೋತಾಡ್ಲೇನು? ಊರಿಗೆಲ್ಲ ಕಾರು ತೋರಿಸೀನಿ. ಬಳಿ ಜಾರ್ತದ ಅಂದ್ರ ವೆಲ್ಡಿಂಗ್ ಹೊಡಿ. ಮೂರು ಕಡಿ ಚುಕ್ಕಿ ಇಟ್ಟುಬಿಡು, ಎಲ್ಲಿ ಜಾರ್ತದ ನೋಡೋಣ."

"ವೆಲ್ಡಿಂಗ್ ಹೊಡದ್ರ ಕ್ರ್ಯಾಂಕ್ ಮುರೀತದರಿ ಅಣ್ಣಾ."

ಇದು ಅಪ್ಪನ ಒಂದು ಉತ್ತರ. ಇದನ್ನು ನಾನು ಕಿವಿಯಾರೆ ಕೇಳಿದೆ. ದೊಡ್ಡಪ್ಪ ಟೋಪಿ ಸರಿಪಡಿಸಿಕೊಂಡ.

"ಶರಣ್ಯಾ. ಹೊಡಿ."

ಎರಡನೇ ಸಲ ಹೇಳಿಯಾಗಿತ್ತು.

ಅಪ್ಪ ಡ್ಯಾಂಪರ್ ಬಿಚ್ಚಿ ಅಂಗಳದಲ್ಲಿ ಗೋಣಿಚೀಲದ ಮೇಲೆ ಇಟ್ಟ. "ಆ ಕಡಿ ತಿರುಗು, ಕಣ್ಣು ಹೋಗ್ತಾವ" ಎಂದ. ನಾನು ಗೋಡೆಗೆ ಮುಖ ಮಾಡಿದೆ. ನಡುಹಗಲಲ್ಲೂ ನೀಲಿ ಬೆಳಕಿಗೆ ನನ್ನ ನೆರಳು ಗೋಡೆಯ ಮೇಲೆ ಜಿಗಿದು ಜಿಗಿದು ಬಿತ್ತು. ಮೂರು ಸಲ. ಆಮೇಲೆ ಸುಟ್ಟ ರಬ್ಬರಿನ ವಾಸನೆ. ಅವ್ವ ಒಳಗಿಂದ, "ಏನು ಸುಡಾಕತ್ತೀರಿ ಅಪ್ಪ ಮಗಳು?" ಎಂದು ಕೂಗಿದಳು. ನಾನು ತಿರುಗಿ ನೋಡಿದಾಗ ನನ್ನ ಬಿಳಿ ಗೆರೆ ಮಸಿಯಲ್ಲಿ ಮುಳುಗಿತ್ತು.

ಇಲ್ಲಿ ಅಪ್ಪನ ಪರ ವಾದ ನಿಲ್ಲಿಸಬೇಕು. ಗೊತ್ತಿಲ್ಲದವನು ಹೊಡೆದಿದ್ದರೆ ಅದನ್ನು ತಪ್ಪು ಎನ್ನಬಹುದಿತ್ತು. ಇವನು ಗೊತ್ತಿದ್ದೂ ಹೊಡೆದ. ನನ್ನ ಕೈಯಲ್ಲಿ ಆಗುವುದಿಲ್ಲ, ಬೇರೆಯವನ ಹತ್ತಿರ ಒಯ್ಯಿರಿ ಎನ್ನಲು ಎಷ್ಟು ಉಸಿರು ಬೇಕಿತ್ತು? ಆ ಉಸಿರು ಅವನಲ್ಲಿ ಇರಲಿಲ್ಲ. ಸಾಕಿದ ಋಣ, ಹಿರಿತನ ಎಂದೆಲ್ಲ ನಾವು ಚಂದದ ಹೆಸರಿಟ್ಟು ಕರೆಯುವ ಒಂದು ಹಗ್ಗ ಅವನ ಕೊರಳಿಗೆ ಬಿದ್ದಿತ್ತು. ಅದನ್ನು ಹೊಗಳಿ ಬರೆಯುವವರ ಮೇಲೂ ನನಗೆ ಸಿಟ್ಟಿದೆ.

ಕಿರುಗುಟ್ಟುವುದು ನಿಂತಿತು. ದೊಡ್ಡಪ್ಪ ಹಿಗ್ಗಿದ. "ಹದಿನೈದು ದಿನ ಅಂತಿದ್ದ, ಒಂದು ತಾಸಿನ ಕೆಲಸ!" ಎಂದು ಸಿಕ್ಕವರಿಗೆಲ್ಲ ಹೇಳಿದ. ಭಾನುವಾರಗಳಂದು ಮಕ್ಕಳಾದ ನಮ್ಮನ್ನು ತುಂಬಿಕೊಂಡು ಮಹಾಗಾಂವದ ಹತ್ತಿರದ ಹೊಲಕ್ಕೆ ಹೋಗುತ್ತಿದ್ದ. ದಾರಿಯಲ್ಲಿ ಒಂದು ವೇಗಕ್ಕೆ ಬಂದಾಗ ಗೇರಿನ ಕೋಲು ಝುಂಯ್ ಎನ್ನುತ್ತಿತ್ತು, ತಳದ ತಗಡು ಅಂಗಾಲಿಗೆ ಕಚಗುಳಿ ಇಡುತ್ತಿತ್ತು. ಅದಕ್ಕಿಂತ ಮೇಲೆ ಹೋದರೆ ಇಲ್ಲ, ಕೆಳಗೆ ಇಳಿದರೂ ಇಲ್ಲ. ದೊಡ್ಡಪ್ಪನ ಮಗ ಮಲ್ಲಣ್ಣ ನನಗಿಂತ ಎರಡು ವರ್ಷ ದೊಡ್ಡವನು. ಅವನೇ ಆ ಆಟ ಹುಡುಕಿದ. ಆ ವೇಗ ಬಂದಾಗ ಬಾಯಿ ತೆರೆದು 'ಆ' ಎಂದರೆ ದನಿ ಆಡಿನ ದನಿಯಾಗುತ್ತಿತ್ತು. ಯಾರ 'ಆ' ಹೆಚ್ಚು ಹೊತ್ತು ನಡುಗುತ್ತದೋ ಅವರು ಗೆದ್ದರು.

"ಅಪ್ಪಾ, ಆ ಸ್ಪೀಡಿಗೆ ಹಾಕ್ರಿ!" ಎಂದು ಮಲ್ಲಣ್ಣ ಕೂಗುತ್ತಿದ್ದ. ದೊಡ್ಡಪ್ಪ ನಕ್ಕು ಹಾಕುತ್ತಿದ್ದ. ನಾನೂ ಕೂಗಿದೆ. ಕಬ್ಬಿಣ ನಡುಕ ತಿನ್ನುತ್ತಿದೆ ಎಂದು ಆ ಕಾರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆದರೂ ಎಲ್ಲರಿಗಿಂತ ಜೋರಾಗಿ ಕೂಗಿದೆ, ಯಾಕೆಂದರೆ ನನ್ನ 'ಆ' ಎಲ್ಲರದಕ್ಕಿಂತ ಉದ್ದ ನಡುಗುತ್ತಿತ್ತು.

ಎಳ್ಳಮಾಸಿ ಬಂತು, ಹೊಲಕ್ಕೆ ಹೋಗಿ ಪೂಜೆ ಮಾಡಿ ಉಣ್ಣುವ ಅಮಾವಾಸ್ಯೆ. ಕಾರಿನ ತುಂಬ ಕಾಳು ಸೊಪ್ಪು ಬೇಯಿಸಿದ ಭಜ್ಜಿಯ ಬೋಗುಣಿ, ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಅವ್ವನ ತೊಡೆಯ ಮೇಲೆ ಅಂಬಲಿಯ ಮಡಿಕೆ. ಅಪ್ಪ ಮುಂದೆ, ಅಣ್ಣನ ಪಕ್ಕ. ನಾವು ಹಿಂದಿನಿಂದ ಆ ಸ್ಪೀಡು, ಆ ಸ್ಪೀಡು ಎಂದು ಶುರುಮಾಡಿದೆವು. ಅಪ್ಪ ತಿರುಗಿ ನೋಡಿದ. ಅವನ ತಲೆ ಓರೆಯಾಗಿತ್ತು. ಏನೋ ಕೇಳಿಸುತ್ತಿತ್ತು ಅವನಿಗೆ. ಮತ್ತೆ ಮುಂದೆ ತಿರುಗಿ ಕೂತ. ಮಹಾಗಾಂವ ಇನ್ನೂ ದೂರವಿದ್ದಾಗಲೇ ಕೆಳಗಿನಿಂದ ಯಾರೋ ಹಾರೆಯಿಂದ ಕುಕ್ಕಿದ ಹಾಗೆ ಒಂದು ಪೆಟ್ಟು, ಕಬ್ಬಿಣ ಕಬ್ಬಿಣಕ್ಕೆ ತಿಕ್ಕುವ ಒಂದು ಸದ್ದು, ಆಮೇಲೆ ಏನೂ ಇಲ್ಲ. ಕಾರು ಉರುಳುತ್ತ ಹೋಗಿ ಜೋಳದ ಹೊಲದ ಅಂಚಿಗೆ ನಿಂತಿತು. ಹಿಂದೆ ಬಂದ ಟ್ರ್ಯಾಕ್ಟರಿನಲ್ಲಿ ನಾವು ಹೊಲಕ್ಕೆ ಹೋದೆವು. ಬೆಳೆಯ ನಡುವೆ ಎಡೆಯ ಅನ್ನ ಎರಚುತ್ತ ಚರಗ ಚೆಲ್ಲಿದರು. ಎಲ್ಲರೂ ಉಂಡರು. ಅಪ್ಪ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದ.

ಮರುದಿನ ಇಂಜಿನ್ ಇಳಿಸಿದರು. ಕ್ರ್ಯಾಂಕ್ ಎರಡು ತುಂಡಾಗಿತ್ತು. ಅಪ್ಪ ತುಂಡುಗಳನ್ನು ಗೋಣಿಚೀಲದ ಮೇಲೆ ಇಟ್ಟು ಮುರಿದ ಮುಖವನ್ನು ನನಗೆ ತೋರಿಸಿದ. ಅರ್ಧ ಭಾಗ ಕಪ್ಪಗೆ, ನುಣ್ಣಗೆ, ನೀರಿನಲ್ಲಿ ಅಲೆ ಎದ್ದ ಹಾಗೆ ಗೆರೆಗೆರೆ. ಇನ್ನರ್ಧ ಆಗತಾನೆ ಒಡೆದ ಕಲ್ಲುಸಕ್ಕರೆಯ ಹಾಗೆ ಹೊಳೆಯುತ್ತಿತ್ತು. "ಕರೀದು ಹಳೇ ಸೀಳು. ವಾರಗಟ್ಟಲೆ ಒಳಗೊಳಗೇ ಸೀಳ್ಕೋತ ಬಂದದ. ಹೊಳಿಯೂದು ಅಷ್ಟೇ ನಿನ್ನೀದು" ಎಂದ. ನನಗೊಬ್ಬಳಿಗೇ ಹೇಳಿದ, ಮೆಲ್ಲಗೆ.

ಅಷ್ಟರಲ್ಲಿ ಟೆಂಪೋದವರು, ಚಹದ ಅಂಗಡಿಯವರು, ಮಹಾಗಾಂವದ ನಾಲ್ಕು ಜನ ಸೇರಿದ್ದರು. ದೊಡ್ಡಪ್ಪ ಆ ತುಂಡುಗಳ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: "ನೋಡ್ರಪಾ, ಒಡಹುಟ್ಟಿದ ತಮ್ಮ! ಹೊರಗಿನ ಚಕ್ರ ರಿಪೇರಿ ಮಾಡು ಅಂದ್ರ ಒಳಗಿನ ದಂಡ ಮುರಿದಿಟ್ಟಾನ. ಅಣ್ಣಂದೇ ಹಿಂಗ ಮಾಡ್ಯಾನ, ಇನ್ನ ನಿಮ್ಮ ಗಾಡಿ ಗತಿ ಏನೋ!"

ಟೆಂಪೋದವನೊಬ್ಬ ನಕ್ಕ. "ಯಾಕ ಶರಣಪ್ಪಣ್ಣ, ಈ ಸಲ ಇಂಜಿನ್ ಏನೂ ಹೇಳಲಿಲ್ಲೇನು?"

ಎಲ್ಲರೂ ನಕ್ಕರು. ಅಪ್ಪ ಅರಿವೆಯಿಂದ ಒಂದೊಂದೇ ಬೆರಳು ಒರೆಸುತ್ತ ನಿಂತಿದ್ದ. ಕಾಲ ಬುಡದಲ್ಲಿ ಸಾಕ್ಷಿ ಬಿದ್ದಿತ್ತು. ಎತ್ತಿ ತೋರಿಸಿದ್ದರೆ ಕುರುಡನಿಗೂ ತಿಳಿಯುತ್ತಿತ್ತು. ಎತ್ತಲಿಲ್ಲ. ಅವನ ಉತ್ತರ ಎರಡು ತಿಂಗಳ ಹಿಂದೆಯೇ ಮುಗಿದಿತ್ತು.

ಆಗ ನಾನು ಮುಂದೆ ಬಂದು, "ದೊಡ್ಡಪ್ಪಾ, ಕ್ರ್ಯಾಂಕ್ ಮುರೀತದ ಅಂತ ಅಪ್ಪ ಹೇಳಿದ್ದಿಲ್ಲೇನು?" ಎಂದೆ. ಮಾತು ಮುಗಿಯುವ ಮೊದಲೇ ಅಪ್ಪನ ಕೈ ನನ್ನ ಕೆನ್ನೆಗೆ ಬಿತ್ತು. ಡೀಸೆಲ್ ವಾಸನೆಯ ಕೈ. ಇದು ನನ್ನ ನೆನಪು.

ಅವ್ವ ಇದನ್ನು ಒಪ್ಪುವುದಿಲ್ಲ. "ನೀ ಎಲ್ಲಿ ಬಾಯಿ ಬಿಟ್ಟಿ? ಕಂಬ ಹಿಡ್ಕೊಂಡು ನಿಂತಿದ್ದಿ. ಏಟು ಬಿದ್ದದ್ದು ಹಿಂದಿನ ದಿನ, ಹೊಲದಾಗ, ಅಂಬಲಿ ಮಡಕಿ ಒಡದಿದ್ದಕ್ಕ" ಎನ್ನುತ್ತಾಳೆ. ಮಡಿಕೆ ಒಡೆದದ್ದು ನಿಜ. ಏಟು ಒಂದೇ. ಅದು ಯಾವ ದಿನದ್ದು? ಅವ್ವ ಹೇಳುವುದೇ ಖರೆಯಾದರೆ ನಾನೂ ಎಲ್ಲರಂತೆ ಸುಮ್ಮನಿದ್ದೆ, ಮತ್ತು ಆಮೇಲೆ ಇಷ್ಟು ವರ್ಷ ಆ ಏಟನ್ನು ಪದಕದ ಹಾಗೆ ಹಾಕಿಕೊಂಡು ತಿರುಗಿದೆ. ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯುವಾಗಲೂ ಕೆನ್ನೆ ಬಿಸಿಯಾಗುತ್ತದೆ.

ಗ್ಯಾರೇಜು ಒಂದೇ ದಿನ ಮುಚ್ಚಲಿಲ್ಲ. ಮೊದಲು ಟೆಂಪೋಗಳು ನಿಲ್ಲದೆ ಹೋಗತೊಡಗಿದವು. ಆಮೇಲೆ ಟ್ರ್ಯಾಕ್ಟರುಗಳು. ಬಂದ ಒಬ್ಬಿಬ್ಬರೂ, "ಬರೇ ಆಯಿಲ್ ಬದಲಿ ಮಾಡ್ರಿ, ಬ್ಯಾರೆ ಏನೂ ಮುಟ್ಟಬ್ಯಾಡ್ರಿ" ಎನ್ನುತ್ತಿದ್ದರು. ಮುಂದಿನ ಪಂಚಮಿಯ ಹೊತ್ತಿಗೆ ತಗಡು ಇಳಿಸಿದರು. ನಾವು ಕಲಬುರಗಿಗೆ ಬಂದೆವು. ದೊಡ್ಡಪ್ಪನೇ ಹೇಳಿ ಅಪ್ಪನಿಗೆ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಗಾಡಿ ತೊಳೆಯುವ ಕೆಲಸ ಕೊಡಿಸಿದ. ಅದನ್ನೂ ಅವನ ಉಪಕಾರದ ಪಟ್ಟಿಗೆ ಸೇರಿಸಲಾಯಿತು.

ಅಪ್ಪ ತೀರಿಹೋಗಿ ಆರು ವರ್ಷ. ಕಳೆದ ತಿಂಗಳು ಶರಣಸಿರಸಗಿಯ ಹೊಸ ಲೇಔಟಿನಲ್ಲಿ ಮಲ್ಲಣ್ಣ ಕಟ್ಟಿಸಿದ ಮನೆಯ ಗೃಹಪ್ರವೇಶ ಇತ್ತು. ಊಟದ ಹೊತ್ತಿಗೆ ಮಲ್ಲಣ್ಣ ಬೀಗರೆದುರು ಅದೇ ಕಥೆ ಎತ್ತಿದ. "ನಮ್ಮ ಕಾಕಾ ಭಾರಿ ಮಿಸ್ತ್ರಿ ಇದ್ದರಿ. ಒಂದು ವೆಲ್ಡಿಂಗ್‌ನಾಗ ಇಡೀ ಇಂಜಿನ್ ಮಲಗಿಸಿದ್ದ!" ಬೀಗರು ನಕ್ಕರು. ದೊಡ್ಡಪ್ಪ ಮೂಲೆಯಲ್ಲಿ ಕುರ್ಚಿಯ ಮೇಲೆ ಕೂತು ಹೋಳಿಗೆ ತಿನ್ನುತ್ತಿದ್ದ. ವಯಸ್ಸು ತೊಂಬತ್ತರ ಹತ್ತಿರ, ಕಿವಿ ಚೆನ್ನಾಗಿದೆ. ನಾನು ತಾಟು ಕೆಳಗಿಟ್ಟು ಅವನೆದುರು ಹೋಗಿ ನಿಂತೆ.

"ದೊಡ್ಡಪ್ಪಾ, ಒಂದು ಕೇಳ್ತೀನ್ರಿ. ವೆಲ್ಡಿಂಗ್ ಹೊಡದ್ರ ಕ್ರ್ಯಾಂಕ್ ಮುರೀತದ ಅಂತ ಅಪ್ಪ ನಿಮಗ ಹೇಳಿದ್ದನೋ ಇಲ್ಲೋ?"

ಎಲ್ಲರೂ ಉಣ್ಣುವುದನ್ನು ನಿಲ್ಲಿಸಿದರು. ಇಲ್ಲ ಎನ್ನುತ್ತಾನೆ, ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅದಕ್ಕೆ ನಾನು ಮೂವತ್ತು ವರ್ಷದಿಂದ ತಯಾರಾಗಿದ್ದೆ.

"ಹೇಳಿದ್ದ" ಎಂದ ದೊಡ್ಡಪ್ಪ.

"ಹೇಳಿದ್ದಾ?"

"ಬರಾಬರ್ ಹೇಳಿದ್ದ. ಹೇಳಿದ್ದಿಲ್ಲ ಅಂತ ನಾ ಯಾವಾಗರೆ ಅಂದೀನೇನು? ನನ್ನ ಯಾರೂ ಕೇಳೇ ಇಲ್ಲ." ಆಮೇಲೆ ಸೊಸೆಯ ಕಡೆ ತಿರುಗಿ, "ಇನ್ನೊಂದೀಟು ತುಪ್ಪ ಹಾಕವಾ" ಎಂದ.

"ಹೋಗ್ಲಿ ಬಿಡವಾ ತಂಗಿ. ಹಳೇ ಮಾತು" ಎಂದ ಮಲ್ಲಣ್ಣ. ಊಟ ಮತ್ತೆ ಶುರುವಾಯಿತು.

ಒಂದು ಮಾತು. ಅದು ಇಷ್ಟು ಅಗ್ಗವಾಗಿತ್ತು. ತುಪ್ಪ ಕೇಳಿದಷ್ಟೇ ಸಲೀಸಾಗಿ ಅಂದು ಆ ನಾಲ್ಕು ಜನರೆದುರು ಅದು ಅವನ ಬಾಯಿಂದ ಬಿದ್ದಿದ್ದರೆ ಸಾಕಿತ್ತು. ಬಾಲ್ಯ ಹೋಯಿತು, ಬೇವಿನ ಮರ ಹೋಯಿತು, ಎಳ್ಳಮಾಸಿಯ ಭಜ್ಜಿಗೆ ಆ ರುಚಿ ಇಲ್ಲ ಎಂದು ಹಲುಬುವವರ ಜೊತೆ ನಾನು ಹಲುಬಲಾರೆ. ಅವು ಹೇಗೂ ಹೋಗುವಂಥವೇ. ಹೋಗಬಾರದಾಗಿದ್ದದ್ದು ಒಬ್ಬ ಮನುಷ್ಯನ ಕಿವಿಗೆ ಊರು ಕೊಟ್ಟಿದ್ದ ಬೆಲೆ. ಅದನ್ನು ತೆಗೆದುಕೊಂಡವರು ತೆಗೆದುಕೊಂಡೆವು ಎಂದು ನೆನಪಿಟ್ಟುಕೊಳ್ಳುವ ತೊಂದರೆಯನ್ನೂ ಪಟ್ಟಿಲ್ಲ.

ನಾನು ಕಾಲೇಜಿನಲ್ಲಿದ್ದಾಗ ಒಮ್ಮೆ ಅಪ್ಪನಿಗೆ ಬುತ್ತಿ ಕೊಡಲು ಆ ವರ್ಕ್‌ಶಾಪಿಗೆ ಹೋಗಿದ್ದೆ. ಅಪ್ಪ ಒಂದು ಕಾರಿಗೆ ಪೈಪಿನಿಂದ ನೀರು ಹೊಡೆಯುತ್ತಿದ್ದ. ರಿಪೇರಿ ಮುಗಿದ ಇನ್ನೊಂದು ಕಾರನ್ನು ಮಾಲೀಕ ಚಾಲೂ ಮಾಡಿದ. ಅಪ್ಪನ ಕೈ ನಿಂತಿತು. ತಲೆ ಓರೆಯಾಯಿತು. ನೀರು ಕಾಲ ಮೇಲೆ ಸುರಿಯುತ್ತಿದ್ದದ್ದೂ ಅವನಿಗೆ ತಿಳಿಯಲಿಲ್ಲ. ಆ ಕಾರಿನೊಳಗೆ ಮಾಲೀಕನ ಹೆಂಡತಿ, ಎರಡು ಮಕ್ಕಳು ಕೂತಿದ್ದರು.

"ಏನೋ ಕೇಳಸ್ತಲ್ಲ ನಿನಗ? ಹೇಳಪ್ಪಾ ಅವರಿಗೆ" ಎಂದೆ.

ಕಾರು ಗೇಟು ದಾಟಿ ರಸ್ತೆಗೆ ಇಳಿಯುವವರೆಗೆ ಅಪ್ಪ ನೋಡಿದ.

"ನನ್ನ ಕೆಲಸ ತೊಳಿಯೂದವಾ" ಎಂದು ಪೈಪು ಎತ್ತಿದ.